ದೋಷಾರೋಪವಿಲ್ಲದ ವಿಚ್ಛೇದನ ಮತ್ತು ದಾಂಪತ್ಯದ ಆಸ್ತಿ

ಹಿಂದೂ ವಿವಾಹ ಅಧಿನಿಯಮಕ್ಕೆ 1976ರಲ್ಲಿ ಸೇರ್ಪಡೆಯಾದ 13-ಬಿ ಪ್ರಕರಣವು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶ ಕಲ್ಪಿಸಿತು. ವಿಶೇಷ ವಿವಾಹ ಅಧಿನಿಯಮದಲ್ಲಿ ಈ ಅವಕಾಶ 1954ರಿಂದಲೇ ಇತ್ತು. ಒಂದು ವರ್ಷ ಪ್ರತ್ಯೇಕವಾಗಿ ಬಾಳಿದ ದಂಪತಿಗಳು ಕ್ರೌರ್ಯವನ್ನಾಗಲಿ ವ್ಯಭಿಚಾರವನ್ನಾಗಲಿ ಒಬ್ಬರ ಮೇಲೊಬ್ಬರು ಹೊರಿಸದೆ ಬೇರ್ಪಡಬಹುದು. ಆದರೆ ಕೂಡಿ ಬಾಳಿದ ಕಾಲದಲ್ಲಿ ಗಳಿಸಿದ ಆಸ್ತಿಯನ್ನು ಹೇಗೆ ಹಂಚಬೇಕೆಂಬುದಕ್ಕೆ ಈ ಪ್ರಕರಣದಲ್ಲಿ ಉತ್ತರವಿಲ್ಲ.

ಅದೇ ಅಧಿನಿಯಮದ 27ನೆಯ ಪ್ರಕರಣ ಆಸ್ತಿಯನ್ನು ಪ್ರಸ್ತಾಪಿಸುತ್ತದೆ, ನಿಜ. ಅದರ ವ್ಯಾಪ್ತಿಯಾದರೋ ವಿವಾಹಕ್ಕೆ ಸಂಬಂಧಿಸಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸಲ್ಲಬಹುದಾದ ಸ್ವತ್ತಿಗೆ ಸೀಮಿತ. ಸ್ತ್ರೀಧನ ಪತ್ನಿಯದೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 1985ರ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಉಳಿದ ಮನೆ, ನಿವೇಶನ, ಠೇವಣಿಗಳು ಸಾಮಾನ್ಯವಾಗಿ ಯಾರ ಹೆಸರಿನಲ್ಲಿವೆಯೋ ಅವರಿಗೇ. ಇಪ್ಪತ್ತು ವರ್ಷ ಮನೆವಾರ್ತೆ ನಡೆಸಿದ ಗೃಹಿಣಿಯ ದುಡಿಮೆಗೆ ಕ್ರಯಪತ್ರದಲ್ಲಿ ಸ್ಥಾನವಿಲ್ಲ. ಆಕೆ 25ನೆಯ ಪ್ರಕರಣದನ್ವಯ ಶಾಶ್ವತ ಜೀವನಾಂಶ ಕೇಳಬಹುದು; ಅದು ಪೋಷಣೆಯೇ ಹೊರತು ಪಾಲಲ್ಲ.

ಹೀಗಾಗಿ ನಿಜವಾದ ಹಂಚಿಕೆ ನಡೆಯುವುದು ಉಭಯರ ಒಪ್ಪಂದ ಪತ್ರದಲ್ಲಿ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರಾದರೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದು 1991ರ ಸುರೇಷ್ಟಾ ದೇವಿ ಮೊಕದ್ದಮೆಯಲ್ಲಿ ತೀರ್ಪಾಯಿತು. ಪರಿಣಾಮವಾಗಿ ಸಮ್ಮತಿಯೇ ಚೌಕಾಶಿಯ ಸರಕಾಗುತ್ತದೆ. ಬಿಡುಗಡೆಗೆ ಆತುರಪಡುವ ಪತಿ ಹೆಚ್ಚು ತೆರಬಹುದು. ಸ್ವಂತ ವರಮಾನವಿಲ್ಲದೆ ಕಾಯಲಾರದ ಪತ್ನಿ ಕಡಿಮೆಗೆ ಒಪ್ಪಬಹುದು. ಎರಡರಲ್ಲಿಯೂ ಮೊತ್ತವನ್ನು ನಿರ್ಧರಿಸುವುದು ದಾಂಪತ್ಯಕ್ಕೆ ಯಾರು ಏನು ಕೊಟ್ಟರೆಂಬುದಲ್ಲ, ಯಾರು ಎಷ್ಟು ದಿನ ತಡೆದಾರೆಂಬುದು. ಇದನ್ನು ಅರೆ ಸುಧಾರಣೆಯೆಂದೇ ಕರೆಯಬೇಕಾಗುತ್ತದೆ.

ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ 1970ರ ಜನವರಿ 1ರಿಂದ ದೋಷರಹಿತ ವಿಚ್ಛೇದನ ಜಾರಿಗೆ ಬಂದಾಗ ದಾಂಪತ್ಯದ ಸಮುದಾಯ ಆಸ್ತಿಯ ಸಮಪಾಲೂ ಜೊತೆಗೇ ಬಂದಿತು. ಸಮಪಾಲಿಗಾಗಿ ಕುಟುಂಬದ ಮನೆಯನ್ನೇ ಮಾರಬೇಕಾಗಿ ಬರುವ ತೊಡಕನ್ನು ಸಮಾಜಶಾಸ್ತ್ರಜ್ಞೆ ಲೆನೋರ್ ವೈಟ್ಜ್‌ಮನ್ 1985ರಲ್ಲಿ ಎತ್ತಿ ತೋರಿಸಿದರೆಂಬುದೂ ಗಮನಾರ್ಹ. ಅಷ್ಟು ದೂರವೇಕೆ, ಕಾರವಾರದಿಂದ ಗಡಿ ದಾಟಿದರೆ ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯಿಂದ ಬಂದ ಪದ್ಧತಿಯಿದೆ: ವಿವಾಹಪೂರ್ವ ಕರಾರಿಲ್ಲದಿದ್ದರೆ ಆಸ್ತಿ ಪತಿಪತ್ನಿಯರಿಬ್ಬರದೂ ಆಗಿ, ಸಾಮಾನ್ಯವಾಗಿ ತಲಾ ಅರ್ಧದ ಹಕ್ಕು ದೊರೆಯುತ್ತದೆ.

ಪತಿಯ ಆಸ್ತಿಯಲ್ಲಿ ಪತ್ನಿಗೆ ಪಾಲು ಕೊಡಿಸುವ ಅಂಶವನ್ನೊಳಗೊಂಡ ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆ 2013ರಲ್ಲಿ ಅಂಗೀಕರಿಸಿತು. ಲೋಕಸಭೆಯ ಅಂಗೀಕಾರ ದೊರೆಯದೆ 2014ರಲ್ಲಿ ಅದು ವ್ಯಪಗತವಾಯಿತು. ಸರಿಪಡಿಸಲಾಗದಂತೆ ಮುರಿದ ವಿವಾಹವನ್ನು ಸಂವಿಧಾನದ 142ನೆಯ ಅನುಚ್ಛೇದದನ್ವಯ ತಾನೇ ವಿಸರ್ಜಿಸಬಹುದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ಹಂಚಿಕೆಯ ಶಾಸನಸೂತ್ರವೊಂದು ಅದರಿಂದ ಹುಟ್ಟಲಿಲ್ಲ.