ಫಾಕ್ಸ್‌ಗ್ಲೋವ್ ಬೀಜಕ್ಕೆ ಮಣ್ಣು ಮುಚ್ಚಬೇಡಿ

ಜೂನ್ ಬಂತೆಂದರೆ ಬ್ರಿಟನ್ನಿನ ಮನೆತೋಟಗಳಲ್ಲಿ ಆಳೆತ್ತರದ ಕಾಂಡಗಳ ತುಂಬ ನೇರಳೆಗೆಂಪು ಹೂ ತೂಗಿಕೊಂಡು ಫಾಕ್ಸ್‌ಗ್ಲೋವ್ ನಿಂತಿರುತ್ತದೆ. ನರ್ಸರಿಯಲ್ಲಿ ಹೂಬಿಟ್ಟ ಕುಂಡವೇ ಸಿಗುವಾಗ ಬೀಜದ ಗೋಜೇಕೆ ಎನ್ನುವವರು ಅಲ್ಲೂ ಇದ್ದಾರೆ. ಬೀಜ ಹಾಕಿ ಸೋತವರದು ಎರಡು ದೂರು: ಮೊಳಕೆಯೇ ಬರಲಿಲ್ಲ, ಬಂದರೂ ವರ್ಷವಿಡೀ ಬರೀ ಎಲೆ. ಇದರಲ್ಲಿ ಬೀಜದ ತಪ್ಪು ಕಡಿಮೆ. ಗಿಡದ ತವರು ಯಾವುದೆಂದು ಕೇಳದೆ ಅದನ್ನು ಅವರೆಕಾಳಿನ ಹಾಗೆ ಮಣ್ಣಿಗೆ ಹೂಳುವುದರಿಂದಲೇ ಅರ್ಧ ತೊಂದರೆ.

ಇದು ಪಶ್ಚಿಮ ಯುರೋಪಿನ ಕಾಡಂಚಿನ ಗಿಡ. ಉದುರಿದ ಬೀಜ ನೆರಳಿನ ಮಣ್ಣಿನೊಳಗೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಮರ ಉರುಳಿಯೋ ಕಡಿದೋ ನೆಲ ಕದಡಿ ಬೆಳಕು ಬಿತ್ತೋ, ಗುಂಪುಗುಂಪಾಗಿ ಮೊಳೆಯುತ್ತದೆ. ಧೂಳಿನಷ್ಟು ಸಣ್ಣ ಬೀಜ. ಒಂದು ಗ್ರಾಂನಲ್ಲಿ ಸಾವಿರಾರು. ಒಳಗಿರುವ ಆಹಾರ ಅತ್ಯಲ್ಪವಾದ್ದರಿಂದ ಆಳದಲ್ಲಿ ಮೊಳೆತರೆ ಮೇಲೆ ಬರುವಷ್ಟರಲ್ಲೇ ಸಾಯುತ್ತದೆ. ಮೇಲ್ಮೈಯಲ್ಲೇ ಇದ್ದೇನೆ ಎಂದು ಅದಕ್ಕೆ ತಿಳಿಸುವುದು ಬೆಳಕು. ಹಾಗಾಗಿ ಮೇ–ಜುಲೈ ನಡುವೆ ಟ್ರೇಯಲ್ಲಿ ನಯವಾದ ಮಣ್ಣು ತುಂಬಿ, ನೆನೆಸಿ, ಬೀಜವನ್ನು ಒಣ ಮರಳಿನೊಡನೆ ಬೆರೆಸಿ ಮೇಲೆ ಉದುರಿಸಬೇಕು. ಹಲಗೆಯಿಂದ ಮೆಲ್ಲಗೆ ಒತ್ತಿದರೆ ಸಾಕು, ಮುಚ್ಚುವುದು ಬೇಡ. ಮೇಲಿಂದ ನೀರು ಸುರಿದರೆ ಬೀಜ ಮೂಲೆ ಸೇರುತ್ತದೆ. ಟ್ರೇಯನ್ನೇ ನೀರಿನಲ್ಲಿಟ್ಟು ಅಡಿಯಿಂದ ಹೀರಲು ಬಿಡಿ. 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು-ಮೂರು ವಾರಕ್ಕೆ ಹಸಿರು ಚುಕ್ಕೆಗಳು ಕಾಣುತ್ತವೆ. ಸಸಿಗಳನ್ನು ಬಿಡಿಸಿ ಬೆಳೆಸಿ, ಸೆಪ್ಟೆಂಬರ್ ಹೊತ್ತಿಗೆ ಸುಮಾರು 45 ಸೆಂಟಿಮೀಟರ್ ಅಂತರದಲ್ಲಿ ನೆಡಬಹುದು.

ಬರೀ ಎಲೆ ಎಂಬ ದೂರಿಗೂ ಉತ್ತರವಿದೆ. ಇದು ದ್ವೈವಾರ್ಷಿಕ ಗಿಡ: ಮೊದಲ ವರ್ಷ ನೆಲಕ್ಕಂಟಿದ ಎಲೆಗೊಂಚಲು, ಚಳಿಗಾಲ ಕಳೆದ ಮೇಲೆ ಹೂಕಾಂಡ. ಎರಡು ವರ್ಷ ಸಾಲಾಗಿ ಬಿತ್ತಿದರೆ ಪ್ರತಿ ಬೇಸಿಗೆಗೂ ಹೂ ಇರುತ್ತದೆ, ಆಮೇಲೆ ಉದುರಿದ ಬೀಜವೇ ಆ ಕೆಲಸ ನೋಡಿಕೊಳ್ಳುತ್ತದೆ. ತಡೆಯಲಾರದವರಿಗೆ 1967ರಲ್ಲಿ ಅಮೆರಿಕದ ತಳಿ ಪ್ರಶಸ್ತಿ ಪಡೆದ ‘ಫಾಕ್ಸಿ’ ಇದೆ, ಬಿತ್ತಿದ ವರ್ಷವೇ ಹೂಬಿಡುತ್ತದೆ; ಆದರೆ ಗಿಡ ಗಿಡ್ಡ. ಸ್ವಂತ ಬೀಜದಿಂದ ಬಣ್ಣ ಬೆರಕೆಯಾಗುತ್ತದೆ ಎಂಬ ಆಕ್ಷೇಪ ನಿಜವೇ. ಜೇನುನೊಣಕ್ಕಿಂತ ದಪ್ಪನೆಯ ಬಂಬಲ್‌ಬೀ ಕೆಳಗಿನ ಹೂವಿನಿಂದ ಮೇಲಕ್ಕೆ ಹತ್ತುತ್ತ, ತುದಿಯ ಎಳೆಯ ಹೂಗಳ ಪರಾಗವನ್ನು ಹೊತ್ತು ಇನ್ನೊಂದು ಗಿಡದ ಬುಡದ ಹೂವಿಗೆ ಹಾರುತ್ತದೆ. ಬೆರಕೆಗೆಂದೇ ಇರುವ ಏರ್ಪಾಡು ಅದು. ಆದರೂ ಬಿಳಿ ಹೂವೇ ಬೇಕೆನ್ನುವವರು ಸಸಿಯ ಎಲೆತೊಟ್ಟು ನೋಡಲಿ: ನೇರಳೆ ಛಾಯೆ ಇದ್ದರೆ ಹೂವೂ ನೇರಳೆ, ಅಪ್ಪಟ ಹಸಿರಾದರೆ ಸಾಮಾನ್ಯವಾಗಿ ಬಿಳಿ. ಕುಂಡ ಕೊಳ್ಳುವವರಿಗೆ ಇಷ್ಟೊಂದು ಆಯ್ಕೆ ಎಲ್ಲಿಂದ ಬರಬೇಕು?

ಗಟ್ಟಿ ಆಕ್ಷೇಪವೆಂದರೆ ವಿಷ. ಬೇರಿನಿಂದ ಬೀಜದವರೆಗೆ ಇಡೀ ಗಿಡದಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ರಾಸಾಯನಿಕಗಳಿವೆ. ಅದೇ ಗಿಡವನ್ನು ಇಂಗ್ಲಿಷ್ ವೈದ್ಯ ವಿಲಿಯಂ ವಿದರಿಂಗ್ 1785ರ ಗ್ರಂಥದಲ್ಲಿ ಬಾವುರೋಗದ ಚಿಕಿತ್ಸೆಯಾಗಿ ದಾಖಲಿಸಿದರು. ನಮ್ಮಲ್ಲೂ ವೈದ್ಯರು ಬರೆದುಕೊಡುವ ಡಿಗಾಕ್ಸಿನ್ ಇದೇ ಕುಲದ ಇನ್ನೊಂದು ಗಿಡದಿಂದ ಬಂದದ್ದು. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಅಲ್ಲಿ ಬಹಳ ಕಿರಿದು. ಹೂವಿಲ್ಲದ ಮೊದಲ ವರ್ಷದ ಎಲೆಯನ್ನು ಕಾಂಫ್ರಿ ಎಂಬ ಸೊಪ್ಪೆಂದು ತಿಳಿದು ಕಷಾಯ ಕುಡಿದು ಅಪಾಯಕ್ಕೊಳಗಾದವರಿದ್ದಾರೆ. ಹೀಗೆಂದು ಗಿಡವನ್ನೇ ಬಿಡಬೇಕಿಲ್ಲ, ಕಣಗಿಲೆಯನ್ನು ನಾವು ಬಿಟ್ಟಿದ್ದೇವೆಯೇ? ಆದರೆ ಪುಟ್ಟ ಮಕ್ಕಳು, ಸಾಕುಪ್ರಾಣಿಗಳು ಓಡಾಡುವ ಕಡೆ ನೆಡಬೇಡಿ. ಸೊಪ್ಪಿನ ಮಡಿಯಿಂದ ದೂರವಿಡಿ. ಮುಟ್ಟಿದ ಕೈ ತೊಳೆಯಿರಿ. ಮನೆಮದ್ದಿನ ಯೋಚನೆಯಂತೂ ಬೇಡವೇ ಬೇಡ.

ಈ ಗಿಡದ ದ್ವೈವಾರ್ಷಿಕ ತಳಿ ಹೂಬಿಡಲು ಬೆಂಗಳೂರಿನ ಚಳಿ ಸಾಲದು. ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಇರುವ ಕನ್ನಡಿಗರು ಈ ಬೇಸಿಗೆಯಲ್ಲೇ ಒಂದು ಪೊಟ್ಟಣ ಬಿತ್ತಿ ನೋಡಬಹುದು.