ನೆಟ್ ಇಲ್ಲಂದ್ರೂ ಲೊಕೇಶನ್ ಸಿಗ್ತದ, ಹ್ಯಾಂಗ?

ಬೀದರ್: ‘ನೆಟ್ ಬರವಲ್ದು, ಲೊಕೇಶನ್ ಹ್ಯಾಂಗ ಕಳಸ್ಲಿ?’ ಔರಾದ್ ಕಡೆ ಹೊಲದಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತಾಗ, ಭಾಲ್ಕಿ ಅಂಗಡಿಯಿಂದ ಸಾಮಾನು ಹೇರಿಕೊಂಡು ಹೊರಟ ಗಾಡಿ ದಾರಿ ತಪ್ಪಿದಾಗ ಕೇಳಿಬರುವ ಮಾತಿದು. ಅಸಲಿಗೆ, ತಾನು ಎಲ್ಲಿದ್ದೇನೆಂದು ತಿಳಿಯಲು ಮೊಬೈಲ್‌ಗೆ ಇಂಟರ್‌ನೆಟ್ ಬೇಕಾಗಿಲ್ಲ, ಮೇಲೆ ಆಕಾಶ ತೆರೆದಿದ್ದರೆ ಸಾಕು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ರೇಡಿಯೊ ಕೇಂದ್ರದ ಹಾಗೆ ಹಗಲು ರಾತ್ರಿ ಬಿತ್ತರಿಸುತ್ತಿರುತ್ತವೆ. ಮೊಬೈಲ್ ಕೇಳಿಸಿಕೊಳ್ಳುತ್ತದೆ, ತಿರುಗಿ ಏನೂ ಹೇಳುವುದಿಲ್ಲ. (‘ಸ್ಯಾಟಲೈಟ್ ನಮ್ಮನ್ನ ನೋಡ್ಲಿಕತ್ತದ’ ಅನ್ನೋರಿಗೆ ಇದು ಗೊತ್ತಿರಲಿ. ನೀವಿರುವ ಜಾಗ ಬೇರೆಯವರಿಗೆ ತಿಳಿಸೋದು ಆ್ಯಪ್‌ಗಳು.) ಪ್ರತಿ ಉಪಗ್ರಹವೂ ಈಗ ಸಮಯ ಎಷ್ಟು, ತಾನೆಲ್ಲಿದ್ದೇನೆ ಎಂದು ಹೇಳುತ್ತದೆ. ಸಿಗ್ನಲ್ ಇಲ್ಲಿಗೆ ಮುಟ್ಟಲು ಹಿಡಿದ ಹೊತ್ತಿನಿಂದ ಮೊಬೈಲ್ ದೂರದ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಲೆಕ್ಕ 300 ಮೀಟರ್ ಏರುಪೇರು. ಮೊಬೈಲಿನ ಗಡಿಯಾರ ಅಗ್ಗದ್ದು, ಅದರ ತಪ್ಪನ್ನೂ ತಿದ್ದಬೇಕು. ಅದಕ್ಕೇ ಮೂರಲ್ಲ, ನಾಲ್ಕು ಉಪಗ್ರಹ ಬೇಕು.

ಉಪಗ್ರಹದಲ್ಲಿರೋದು ಪರಮಾಣು ಗಡಿಯಾರ. ಅದೂ ಕೆಡುತ್ತದೆ. ನಮ್ಮ ದೇಶದ ‘ನಾವಿಕ್’ಗೆ ಆ ಪೆಟ್ಟು ಬಿದ್ದಿತ್ತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಇಸ್ರೊ ಇಲ್ಲಿಯೇ ಮಾಡಿದ ಗಡಿಯಾರ ಕೂಡಿಸಿತು.

ನೆಟ್ ಇಲ್ಲದ ಕಡೆ ತಡ ಯಾಕೆ? ಜಿಪಿಎಸ್ ಮಾಹಿತಿ ಬರೋದು ಸೆಕೆಂಡಿಗೆ ಬರೀ 50 ಬಿಟ್. ಒಂದು ಉಪಗ್ರಹ ತನ್ನ ಜಾಗದ ವಿವರ ಹೇಳಿ ಮುಗಿಸಲು ಸುಮಾರು 30 ಸೆಕೆಂಡ್ ಬೇಕು. ನೆಟ್ ಇದ್ದರೆ ಅದೇ ವಿವರ ಟವರ್ ಮೂಲಕ ಥಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ಮರ, ಪತ್ರಾಸ್ ಬಿಟ್ಟು ಬಯಲಿಗೆ ಬಂದು ಒಂದೆರಡು ನಿಮಿಷ ನಿಲ್ರಿ. ನಕ್ಷೆ ಮಾತ್ರ ನೆಟ್‌ನಿಂದ ಬರುವಂಥದ್ದು, ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು.

ಬೀದರ್ ಹಳೇ ಪಟ್ಟಣದ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಗಲ್ಲಿಗೆ ಜಿಗಿಯಬಹುದು. ಆದರೆ ಗಿರಾಕಿ ದಿನಾ ನಿಮ್ಮ ಅಂಗಡಿ ಬಿಟ್ಟು ಬೇರೆಲ್ಲೋ ಹೋಗಿ ನಿಲ್ಲುತ್ತಿದ್ದರೆ ಅದು ಉಪಗ್ರಹದ ತಪ್ಪಲ್ಲ, ನಕ್ಷೆಯಲ್ಲಿ ಇಟ್ಟ ಗುರುತೇ ತಪ್ಪಿರುತ್ತದೆ. ಅಂಗಡಿ ಮುಂದೆ ನಿಂತು ಸರಿಪಡಿಸಿಕೊಳ್ಳಿ.

ಮಾತಾಡುವಷ್ಟು ಸಿಗ್ನಲ್ ಇದ್ದರೆ ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಸಾದಾ ಮೆಸೇಜ್‌ನಲ್ಲೇ ಕಳಿಸಬಹುದು. ಬೀದರ್ ನಗರ ಹೆಚ್ಚುಕಮ್ಮಿ 17.91, 77.52. ಇಷ್ಟೇ ಕಳಿಸಿದರೆ ಒಂದು ಕಿ.ಮೀ. ಆಚೀಚೆ ಹುಡುಕಬೇಕಾದೀತು, ಚುಕ್ಕೆಯ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್ ಹತ್ತಿರಕ್ಕೆ ಬರುತ್ತಾರೆ.