ಕೆರಿ ತುಂಬೇದ, ದಂಡಿ ಉಳಿದೀತೇನು?

ಸೊಲ್ಲಾಪುರ ರಸ್ತೆ ಹಿಡಿದು ವಿಜಯಪುರ ದಾಟಿದರೆ, ತಿಡಗುಂದಿಯ ಆಸುಪಾಸಿನಲ್ಲಿ ಕಂಬಗಳ ಮೇಲೆ ಸಾಗುವ ಕಾಲುವೆಯೊಂದು ಕಣ್ಣಿಗೆ ಬೀಳುತ್ತದೆ. ಮುಳವಾಡ ಏತ ನೀರಾವರಿಯ ಈ ಮೇಲ್ಗಾಲುವೆಯ ಉದ್ದ 14 ಕಿ.ಮೀ.ಗೂ ಹೆಚ್ಚು. ಕೆಳಗೆ ತೊಗರಿ, ಬಿಳಿಜೋಳ. ತಲೆಯ ಮೇಲೆ ಆಲಮಟ್ಟಿಯಿಂದ ಎತ್ತಿ ತಂದ ಕೃಷ್ಣೆ. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ ಹಬ್ಬ ಮಾಡುವ ನಾಡಿದು. ಇಲ್ಲಿ ನೀರು ಮೋಡದಿಂದ ಇಳಿಯುವುದಕ್ಕಿಂತ ಕಂಬ ಹತ್ತಿ ಬರುವುದೇ ಖಾತ್ರಿ ಎನ್ನುವ ಹಾಗಾಗಿದೆ.

ತಮಾಷೆ ಮಾಡಿದರೂ ಋಣ ಮರೆಯುವಂತಿಲ್ಲ. 2013ರಿಂದ 2018ರವರೆಗೆ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ ಜಿಲ್ಲೆಯಲ್ಲಿ ಕೆರೆ ತುಂಬುವ ಕೆಲಸ ಓಟ ಹಿಡಿಯಿತು. ತಿಕೋಟಾದ ಮಡ್ಡಿಯಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಉಳಿಸಿಕೊಂಡ ಮಂದಿಗೆ, ಬತ್ತಿದ ಕೊಳವೆಬಾವಿ ಮತ್ತೆ ಉಸಿರಾಡಿದ್ದು ಏನೆಂದು ಗೊತ್ತು. ಕೃಷ್ಣೆಯಿಂದ 6.3 ಟಿಎಂಸಿ ಎತ್ತುವ ತುಬಚಿ-ಬಬಲೇಶ್ವರ ಯೋಜನೆಯೂ ಅದೇ ಓಟದ್ದು.

ನನ್ನ ತಕರಾರು ಬೇರೆ. ಕೆರೆ ತುಂಬಿತು ಎಂದರೆ ಕೆರೆ ಉಳಿಯಿತು ಎಂದೇ ಸರ್ಕಾರ ಲೆಕ್ಕ ಹಾಕುತ್ತಿದೆ. ಟಿಎಂಸಿ, ಎಕರೆ, ಅಶ್ವಶಕ್ತಿ ಎಲ್ಲ ಕಡತದಲ್ಲಿವೆ. ದಂಡೆ ಅದರಲ್ಲಿಲ್ಲ.

ವಿಜಯಪುರದ ಭೂತನಾಳ ಕೆರೆಗೆ ಹೋಗಿ ನೋಡಿ. ಬ್ರಿಟಿಷರ ಕಾಲದಲ್ಲಿ ಊರಿನ ಕುಡಿಯುವ ನೀರಿಗೆಂದು ಕಟ್ಟಿದ್ದು. ಏರಿಯ ಮೇಲೆ ನಿಂತರೆ ಹೊಳೆಯುವ ನೀರಷ್ಟೇ ಕಾಣುತ್ತದೆ. ಸುತ್ತುಹಾಕಿ ಹಿಂಬದಿಗೆ ಹೋದೆ. ಅಲ್ಲಿ ನೀರು ಹಿಂದೆ ಸರಿದ ಕಡೆ ಕೆಸರು, ಅದರ ಮೇಲೆ ಕುರಿಗಳ ಗೊರಸು, ಗೊರಸಿನ ಗುಂಡಿಯಲ್ಲಿ ನಿಂತ ಚಮಚದಷ್ಟು ನೀರು, ಅದರೊಳಗೆ ಎಂಥದೋ ಹುಳ. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಯೊಂದು ಗುಂಡಿಯಿಂದ ಗುಂಡಿಗೆ ಕೊಕ್ಕು ಹಾಕುತ್ತ, ಲೆಕ್ಕ ಬರೆಯುವ ಶಾನಭೋಗನಂತೆ ಸಾಗಿತ್ತು. ನಡುಗೆರೆಯ ಆಳ ಅದಕ್ಕೆ ಬೇಕಾಗಿಲ್ಲ. ಗೇಣುದ್ದದ ನೀರು, ಮೆತ್ತನೆಯ ಕೆಸರು ಸಾಕು. ಈ ಅಂಚಿಗೆ ಕಲ್ಲು ಹೊದಿಸಿ, ಕಂಬಿ ಹಾಕಿ, ವಾಕಿಂಗ್ ಪಾತ್ ಮಾಡಿದರೆ ಕೆರೆ ‘ಅಭಿವೃದ್ಧಿ’ ಆಗುತ್ತದೆ. ಹಕ್ಕಿಗೆ ಕಾಲೂರಲು ಜಾಗ ಇರುವುದಿಲ್ಲ.

ಕಾನೂನು ಇನ್ನೂ ಸೋಜಿಗದ್ದು. 2017ರ ಕೇಂದ್ರ ಜೌಗುಪ್ರದೇಶ ನಿಯಮಗಳ ಪ್ರಕಾರ, ಕುಡಿಯುವ ನೀರಿಗೆ ಅಥವಾ ನೀರಾವರಿಗೆಂದೇ ಮನುಷ್ಯ ಕಟ್ಟಿದ್ದು ಜೌಗುಪ್ರದೇಶವಲ್ಲ. ಅಂದರೆ ಭೂತನಾಳ ಹೊರಗೆ. 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಹರಿಸಿದ ಬೇಗಂ ತಲಾಬ್ ಹೊರಗೆ. ಬಬಲೇಶ್ವರ ತಾಲ್ಲೂಕಿನಲ್ಲಿ ಅದೇ ದೊರೆಯ ಕಾಲದ ಮಮದಾಪುರದ ದೊಡ್ಡ ಕೆರೆಯೂ ಹೊರಗೆ. ಹಾಗಾದರೆ ಗದಗ ಜಿಲ್ಲೆಯ ಮಾಗಡಿ ಕೆರೆ? ವಿಜಯನಗರ ಜಿಲ್ಲೆಯ ಅಂಕಸಮುದ್ರ? ಅವನ್ನೂ ಹೊಲಕ್ಕೆ ನೀರುಣಿಸಲೆಂದೇ ಕಟ್ಟಿದ್ದು. ಆದರೂ 2024ರ ಆರಂಭದಲ್ಲಿ ಎರಡಕ್ಕೂ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಪಟ್ಟ ಸಿಕ್ಕಿತು. ಹಿಮಾಲಯ ದಾಟಿ ಮಾಗಡಿಗಿಳಿಯುವ ಪಟ್ಟೆತಲೆ ಹೆಬ್ಬಾತು, ಕೆರೆ ಕಟ್ಟಿದವರ ಉದ್ದೇಶ ಏನಿತ್ತೆಂದು ವಿಚಾರಿಸಿ ಇಳಿಯುವುದಿಲ್ಲ.

ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಒತ್ತುವರಿಗೆ ತಡೆ ಹಾಕಿ, ಸುತ್ತ 30 ಮೀಟರ್ ಬಿಡಬೇಕೆಂದಿತ್ತು. 2025ರಲ್ಲಿ ಬಂದ ತಿದ್ದುಪಡಿ ಮಸೂದೆ, ಕೆರೆ ಸಣ್ಣದಾದಷ್ಟೂ ಆ ಅಂಚನ್ನು ಕಿರಿದು ಮಾಡಲು ಹೊರಟಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಇರುವುದೇ ಸಣ್ಣ ಕೆರಿಗಳು.

ನಿಸರ್ಗಕ್ಕೆ ಬಂಡವಾಳ ಹೂಡುವುದೆಂದರೆ ಏನೆಂದು ಕೇಳಿದರೆ ಭೂತನಾಳದ ಪಕ್ಕದ ಕರಾಡದೊಡ್ಡಿಯನ್ನು ತೋರಿಸುತ್ತೇನೆ. ಜಿಲ್ಲೆಯ ಅರಣ್ಯ ಶೇ 0.17 ಇತ್ತೆಂಬ ಅಂಕಿ ಇಲ್ಲಿ ಬಾಯಿಪಾಠ. ಆ ನಾಚಿಕೆಯಿಂದಲೇ ಕೋಟಿ ವೃಕ್ಷ ಅಭಿಯಾನ ಹುಟ್ಟಿತು. ಬೋಳು ಗುಡ್ಡದಲ್ಲಿ ಸಸಿ ನೆಟ್ಟು, ನೀರುಣಿಸಿ, ದನ ಬಾರದಂತೆ ಕಾಯ್ದು ಬೆಳೆಸಿದರು. ಗಿಡಗಳ ಬೇರು ಹಿಡಿದ ಮಣ್ಣು ಕೆರೆಗೆ ಇಳಿಯುವುದಿಲ್ಲ. ಪಂಪಿನ ಕರೆಂಟ್ ಬಿಲ್ ಪ್ರತಿವರ್ಷ ಬರುತ್ತದೆ, ಬೇರಿಗೆ ಬಿಲ್ಲಿಲ್ಲ. ಎಲ್ಲ ಕೆರೆಗಳ ಮೇಲ್ಭಾಗಕ್ಕೂ ಇಷ್ಟು ಆಸ್ಥೆ ಸಿಕ್ಕಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಇನ್ನು ಡೋಣಿ. ತಿಕೋಟಾ, ಸಾರವಾಡದ ಬಗಲಲ್ಲಿ ಹರಿಯುವ ಈ ನದಿಯ ಎರಿ ಭೂಮಿ ಓಣಿ ತುಂಬ ಕಾಳು ಕೊಟ್ಟಿದೆ. ಈಗ ಪಾತ್ರದಲ್ಲಿ ಆಳೆತ್ತರದ ಹೂಳು, ಹೂಳಿನ ಮೇಲೆ ಬಳ್ಳಾರಿ ಜಾಲಿ. ಬೇಸಿಗೆಯಲ್ಲಿ ಉಪ್ಪು ನೀರಿನ ಮಡು, ಒಂದು ರಾತ್ರಿ ದೊಡ್ಡ ಮಳೆಯಾದರೆ ಹೊಲದಲ್ಲೆಲ್ಲ ನದಿ. ಪುನಶ್ಚೇತನದ ಮಾತು ಚುನಾವಣೆಯಿಂದ ಚುನಾವಣೆಗೆ ತೇಲಿ ಬರುತ್ತಲೇ ಇದೆ. ಬರೀ ಜೆಸಿಬಿ ಇಳಿಸಿ ತೋಡಿದರೆ ಮುಂದಿನ ಮಳೆಗೆ ಮತ್ತೆ ಹೂಳು. ಮೇಲಿನ ಮಡ್ಡಿಯಲ್ಲಿ ಒಡ್ಡು ಹಾಕಿ ಮಣ್ಣು ಹಿಡಿಯಬೇಕು, ನದಿಗೆ ಹರಡಿಕೊಳ್ಳಲು ದಂಡೆ ಬಿಡಬೇಕು. ಆ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ, ಫೋಟೊದಲ್ಲಿ ಕಾಣುವುದೂ ಇಲ್ಲ. ತುಂಬಿದ ಕೆರೆಗೆ ಬಾಗಿನ ಬಿಡುವವರು, ಹಳ್ಳದ ಬಾಯಿ ಕಟ್ಟಿಕೊಂಡಾಗ ಆ ಕಡೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಭೂತನಾಳದಿಂದ ಹೊರಡುವಾಗ ಹಳ್ಳ ಸೇರುವ ಮೂಲೆಗೆ ಬಂದೆ. ಅಲ್ಲಿ ನೀರಿನ ಬಾಟಲಿ, ಗಣಪತಿಯ ಮುರಿದ ಸೊಂಡಿಲು, ಜಾಲಿಯ ಮುಳ್ಳಿಗೆ ಸಿಕ್ಕ ಹೂವಿನ ಹಾರ. ಅವುಗಳ ಸಂದಿಯಲ್ಲೇ ಮೆಟ್ಟುಗಾಲು ಹಕ್ಕಿಯ ಮೂರು ಬೆರಳಿನ ಹೆಜ್ಜೆ, ನೀರಿನ ತನಕ.